ಗುಣವಾದವರಿಗೆ ಮಂಚವಿಲ್ಲ

"ನಮ್ಮೆಜಮಾನ್ರು ಕುಡಿಯೋದ ಬುಟ್ಬುಟ್ಟವ್ರೆ ಅಂತ ಬರ್ದೋರು ನೀವೇನಾ ಮೇಡಂ?"

ಬೆಳಿಗ್ಗೆ ಎಂಟು ಗಂಟೆ. ಒಲೆಯ ಮೇಲೆ ಉಪ್ಪಿಟ್ಟು. ಒಂದು ಕೈಯಲ್ಲಿ ಸೌಟು, ಇನ್ನೊಂದು ಕೈಯಲ್ಲಿ ಫೋನು. ಗುರುತಿಲ್ಲದ ನಂಬರು, ಗುರುತಿಲ್ಲದ ಹೆಣ್ಣಿನ ದನಿ. ಇಂಥ ಪ್ರಶ್ನೆಗೆ ಏನಂತ ಉತ್ತರ ಕೊಡುವುದು?

"ಯಾರಮ್ಮ ನೀನು?" ಅಂದೆ.

"ನಾನು ಶೋಭಾ ಅಂತ. ಕೊಣನೂರು ತಾವ. ಒಂದ್ಸತಿ ಬಂದ್ ನೋಡ್ಕಂಡೋಗಿ ಮೇಡಂ, ನೀವು ಗುಣ ಮಾಡಿರೋ ಗಂಡಸ್ನ."

ಫೋನ್ ಕಟ್ ಆಯಿತು. ಉಪ್ಪಿಟ್ಟು ತಳ ಹಿಡಿಯಿತು.

ಈ ಅಂಕಣ ಓದುವವರಿಗೆ ನನ್ನ ಅನುಮಾನದ ಬುದ್ಧಿ ಹೊಸದಲ್ಲ. ಅದು ಹೊಳೆನರಸೀಪುರದ ತವರಿನಿಂದ ಬಂದ ಬಳುವಳಿ. ನಮ್ಮಮ್ಮ ಹಾಲಿನವಳ ಎದುರಿಗೇ ಹಾಲಿಗೆ ಬೆರಳು ಅದ್ದಿ, ಹನಿ ಉಗುರಿನ ಮೇಲೆ ನಿಲ್ಲುತ್ತದಾ ಅಂತ ನೋಡುತ್ತಿದ್ದಳು. ನಾನು ಅದನ್ನೇ ಕಾಲೇಜಿನಲ್ಲಿ ಕಲಿಸಿ ಸಂಬಳ ತಗೊಂಡೆ. ಹಾಸನದಲ್ಲಿ ಮೂವತ್ತು ವರ್ಷ ಸಂಖ್ಯಾಶಾಸ್ತ್ರದ ಪಾಠ ಮಾಡಿದವಳು ನಾನು. ಯಾರಾದರೂ 'ತೊಂಬತ್ತು ಪರ್ಸೆಂಟ್' ಅಂದರೆ ಸಾಕು, ಮಿಕ್ಕ ಹತ್ತು ಎಲ್ಲಿ ಹೋಯಿತು ಅಂತ ಬಾಗಿಲ ಸಂದಿಯಲ್ಲಿ ಹುಡುಕುವ ಜಾತಿ.

"ಅನುಮಾನಂ ಪೆದ್ದರೋಗಂ ಕಣೇ," ಅನ್ನುತ್ತಾರೆ ನಮ್ಮನೆಯವರು. ಅವರು ಹಾಗನ್ನುವಾಗಲೆಲ್ಲ ನನಗೆ ಅವರ ಮೇಲೇ ಅನುಮಾನ ಬರುತ್ತದೆ. (ಏನು ಮುಚ್ಚಿಡುತ್ತಿದ್ದಾರೆ?)

ಈ ಬುದ್ಧಿಯೇ ನನಗೆ ಒಂದು ಕೆಲಸ ತಂದುಕೊಟ್ಟಿತು. ನಮ್ಮ ಕಡೆ ಸರ್ಕಾರದ ಅನುದಾನದಲ್ಲಿ ನಡೆಯುವ ಒಂದು ವ್ಯಸನಮುಕ್ತಿ ಕೇಂದ್ರವಿದೆ. (ಹೆಸರು, ವಿಳಾಸ ಕೇಳಬೇಡಿ. ಜನರ ಹೆಸರುಗಳನ್ನೂ ಬದಲಿಸಿದ್ದೇನೆ. ಯಾಕೆ ಅಂತ ಆಮೇಲೆ ಗೊತ್ತಾಗುತ್ತದೆ.) ಹದಿನೈದು ಮಂಚ. ಒಂದು ತಿಂಗಳ ಚಿಕಿತ್ಸೆ. ಊಟ, ಔಷಧಿ, ಬುದ್ಧಿಮಾತು ಎಲ್ಲ ಉಚಿತ. ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣದ ಬಡವರು ಅಲ್ಲಿಗೇ ಬರುತ್ತಾರೆ. ಇದರ ಜೊತೆಗೆ ಸ್ಕೂಲು, ಹಳ್ಳಿಗಳಲ್ಲಿ ಜಾಗೃತಿ ಕಾರ್ಯಕ್ರಮ. ಇಷ್ಟೆಲ್ಲ ಮಾಡಿದ್ದರಿಂದ ಏನಾದರೂ ಉಪಯೋಗ ಆಗಿದೆಯಾ ಅಂತ ನೋಡಿ ಹೇಳುವುದಕ್ಕೆ ಹೊರಗಿನವರೊಬ್ಬರು ಬೇಕಾಗಿತ್ತಂತೆ.

"ನಿಮ್ಮಂಥ ನಿಷ್ಠುರದವರೇ ಬೇಕು ಮೇಡಂ," ಅಂದರು ಇಲಾಖೆಯ ಅಧಿಕಾರಿ. ಹೊಗಳಿಕೆ ಅಂತ ನಾನು ಉಬ್ಬಿದೆ. ನಿಷ್ಠುರದವರನ್ನು ಯಾರಾದರೂ ಬೇಕು ಅಂತ ಕರೆಯುತ್ತಾರಾ? ಆಗಲೇ ಅನುಮಾನ ಪಡಬೇಕಿತ್ತು.

ಮೊದಲ ದಿನ ಹೇಳದೆ ಕೇಳದೆ ಕೇಂದ್ರಕ್ಕೆ ನುಗ್ಗಿದೆ. ಮಂಚ ಎಣಿಸಿದೆ, ಹದಿನೈದೇ ಇತ್ತು. ಹದಿನೈದರಲ್ಲೂ ಜನ ಇದ್ದರು. ಬೇರೆಲ್ಲಿಂದಲೋ ಕರೆತಂದು ಮಲಗಿಸಿದ್ದಾರಾ ಅಂತ ಒಬ್ಬೊಬ್ಬರನ್ನೂ ಮಾತನಾಡಿಸಿದೆ. ನಡುಗುವ ಕೈ, ಹಳದಿ ಕಣ್ಣು. ಇದು ನಾಟಕ ಮಾಡಿ ತೋರಿಸುವಂಥದ್ದಲ್ಲ. ಸಾರಿನ ಪಾತ್ರೆಯ ಮುಚ್ಚಳ ತೆಗೆದು ನೋಡಿದೆ. ಬೇಳೆ ಇತ್ತು! ರಿಜಿಸ್ಟರಿನಲ್ಲಿ ಎಲ್ಲ ಸಹಿಯೂ ಒಂದೇ ಪೆನ್ನಿನದಾ ಅಂತ ಕನ್ನಡಕ ಏರಿಸಿ ನೋಡಿದೆ. ಬೇರೆ ಬೇರೆ ಇಂಕು, ಬೇರೆ ಬೇರೆ ಸೊಟ್ಟ ಅಕ್ಷರ, ನಡುನಡುವೆ ಹೆಬ್ಬೆಟ್ಟು.

ನಿಜ ಹೇಳಲಾ? ನನಗೆ ಸ್ವಲ್ಪ ನಿರಾಸೆಯೇ ಆಯಿತು.

ಅಲ್ಲಿ ರಘು ಅಂತ ಒಬ್ಬ ಆಪ್ತ ಸಮಾಲೋಚಕರಿದ್ದಾರೆ. ನಲವತ್ತರ ಆಸುಪಾಸು. ಹದಿನೈದು ಜನಕ್ಕೂ ಅವರೊಬ್ಬರೇ. ಬುದ್ಧಿ ಹೇಳುವವರೂ ಅವರೇ, ಕಂಪ್ಯೂಟರಿಗೆ ತುಂಬುವವರೂ ಅವರೇ, ಯಾರಾದರೂ ಕಾಂಪೌಂಡ್ ಹಾರಿದರೆ ಓಡಿ ಹೋಗಿ ಹಿಡಿದು ತರುವವರೂ ಅವರೇ. "ಟೀ ಕುಡೀರಿ ಮೇಡಂ," ಅಂದರು. ನಾನು ಒಲ್ಲೆ ಅಂದೆ. ತಪಾಸಣೆಗೆ ಹೋದವಳು ಟೀ ಕುಡಿದರೆ ನಾಳೆ ಯಾರಾದರೂ ಏನಾದರೂ ಅಂದಾರು.

ಆಮೇಲೆ ಜಾಗೃತಿ ಕಾರ್ಯಕ್ರಮಗಳನ್ನು ನೋಡಲು ಹೊರಟೆ. ಇಲ್ಲಿ ನನ್ನ ಅನುಮಾನಕ್ಕೆ ಹೊಟ್ಟೆ ತುಂಬ ಊಟ ಸಿಕ್ಕಿತು.

ರಾಮನಾಥಪುರದಲ್ಲಿ ಒಂದು ಜಾಥಾ. ಮಕ್ಕಳು ಬ್ಯಾನರ್ ಹಿಡಿದು 'ತಂಬಾಕು ಬಿಡಿ, ಬಾಳು ಉಳಿಸಿ' ಅಂತ ಕೂಗುತ್ತಾ ಹೊರಟರು. ಎಲ್ಲಿ? ಹೊಗೆಸೊಪ್ಪು ಹರಾಜಾಗುವ ಊರಿನಲ್ಲಿ! ಎದುರಿಗೆ ಸೊಪ್ಪಿನ ಬೇಲ್ ತುಂಬಿದ ಟ್ರಾಕ್ಟರ್ ಬಂತು. ರಸ್ತೆ ಕಿರಿದು. ಜಾಥಾ ಪಕ್ಕಕ್ಕೆ ಸರಿದು ಟ್ರಾಕ್ಟರಿಗೆ ದಾರಿ ಬಿಟ್ಟಿತು. ಮೇಲೆ ಕೂತಿದ್ದ ರೈತ ನಗುತ್ತಾ, "ಕೂಗ್ರಲಾ, ಕೂಗ್ರಿ. ಇದ ಬುಟ್ರೆ ನಿಮ್ ಸ್ಕೂಲ್ ಫೀಜು ನಿಮ್ ಮೇಷ್ಟ್ರು ಕಟ್ತಾರಾ ಕೇಳ್ರಲಾ," ಅಂದ. ಮೇಷ್ಟ್ರೂ ನಕ್ಕರು. ಅವರದೂ ಮೂರು ಎಕರೆ ಸೊಪ್ಪೇ ಅಂತ ಆಮೇಲೆ ಗೊತ್ತಾಯಿತು. ಜಾಥಾದ ಫೋಟೋ ಫೈಲಿಗೆ ಸೇರಿತು. ಟ್ರಾಕ್ಟರ್ ಕಾಣದ ಹಾಗೆ ತೆಗೆದ ಫೋಟೋ.

ದಂಡಿಗನಹಳ್ಳಿ ಕಡೆಯ ಒಂದು ಹೈಸ್ಕೂಲಿನಲ್ಲಿ ಇನ್ನೊಂದು ತಮಾಷೆ. ಭಾಷಣಕ್ಕೆ ಮುಂಚೆ ಒಂದು ಪ್ರಶ್ನೆಪತ್ರಿಕೆ, ಭಾಷಣ ಆದಮೇಲೆ ಅದೇ ಪ್ರಶ್ನೆಪತ್ರಿಕೆ. ಜಾಗೃತಿ ಎಷ್ಟು ಏರಿತು ಅಂತ ಅಳೆಯುವುದಕ್ಕೆ. ಮೊದಲ ಪ್ರಶ್ನೆ: 'ಮದ್ಯಪಾನ ಆರೋಗ್ಯಕ್ಕೆ ಒಳ್ಳೆಯದೇ, ಕೆಟ್ಟದ್ದೇ?' ಮಕ್ಕಳೆಲ್ಲ ಭಾಷಣಕ್ಕೆ ಮುಂಚೆಯೇ 'ಕೆಟ್ಟದ್ದು' ಅಂತ ಬರೆದುಬಿಟ್ಟಿದ್ದಾರೆ! ಆದಮೇಲೂ ಅದನ್ನೇ ಬರೆದರು. ಅಂದರೆ ಜಾಗೃತಿ ಒಂದು ಕೂದಲಷ್ಟೂ ಏರಲಿಲ್ಲ. ಕಾರ್ಯಕ್ರಮ ನಡೆಸಿದವರು ಕಂಗಾಲು. "ಮುಂಚೆ ಕೊಟ್ಟ ಪೇಪರಲ್ಲಿ ಸ್ವಲ್ಪ ತಪ್ಪು ಬರೆಸಬೇಕಿತ್ತು ಮೇಡಂ," ಅಂದರು ನನ್ನ ಹತ್ತಿರ, ಗುಟ್ಟಿನಲ್ಲಿ.

ಆ ಉತ್ತರಪತ್ರಿಕೆಗಳಲ್ಲಿ ಒಂದರ ಹಿಂದೆ ಪೆನ್ಸಿಲಿನಲ್ಲಿ ಯಾವುದೋ ಮಗು ಬರೆದಿತ್ತು: 'ಇದನ್ನ ನಮ್ಮಪ್ಪಂಗೆ ಕೇಳಿ.' ನಾನು ಅದನ್ನು ಎರಡು ಸಲ ಓದಿ, ಬ್ಯಾಗಿನಲ್ಲಿ ಇಟ್ಟುಕೊಂಡೆ.

ಇನ್ನು ಉಳಿದದ್ದು ಮುಖ್ಯವಾದ ಕೆಲಸ. ಕೇಂದ್ರದಿಂದ ಬಿಡುಗಡೆಯಾಗಿ ಆರು ತಿಂಗಳು ಕಳೆದವರು ಈಗ ಹೇಗಿದ್ದಾರೆ? ಎಂಟು ಪುಟದ ಪಟ್ಟಿ ಕೊಟ್ಟರು. ಹೆಸರು, ಊರು, ಮೊಬೈಲ್ ನಂಬರು. ಪ್ರತಿ ಹೆಸರಿನ ಮುಂದೆ ಮೂರು ಚೌಕ: 'ಬಿಟ್ಟಿದ್ದಾರೆ', 'ಮತ್ತೆ ಶುರು ಮಾಡಿದ್ದಾರೆ', 'ಸಂಪರ್ಕಕ್ಕೆ ಸಿಕ್ಕಿಲ್ಲ'. ಒಂದಕ್ಕೆ ಟಿಕ್ ಹಾಕಬೇಕು.

ಕೇಂದ್ರದವರು ಫೋನ್ ಮಾಡಿದರೆ ತಮಗೆ ಬೇಕಾದ ಹಾಗೆ ಟಿಕ್ ಹಾಕಿಕೊಳ್ಳುತ್ತಾರೆ ಅಂತ ನನಗೆ ಅನುಮಾನ. ಅದಕ್ಕೇ ರಘುವಿಗೆ ಪಟ್ಟಿ ಮುಟ್ಟಲು ಬಿಡಲಿಲ್ಲ. ಮೂರು ದಿನ ಸೋಫಾದಲ್ಲಿ ಕಾಲು ಚಾಚಿ ಕೂತು, ಪಕ್ಕದಲ್ಲಿ ಮಜ್ಜಿಗೆ ಇಟ್ಟುಕೊಂಡು ನಾನೇ ಫೋನ್ ಮಾಡಿದೆ. ಕುಡಿಯುವವನನ್ನೇ ಕೇಳಿದರೆ ಸುಳ್ಳು ಹೇಳಿಯಾನು ಅಂತ ಹೆಂಡತಿಯನ್ನೇ ಕರೆದು ಕೇಳಿದೆ. ನನ್ನ ಜಾಣತನಕ್ಕೆ ನಾನೇ ತಲೆದೂಗಿದೆ. ಬಹುತೇಕ ಎಲ್ಲ ಮನೆಯಿಂದಲೂ ಒಳ್ಳೆಯ ಸುದ್ದಿ. ಟಿಕ್, ಟಿಕ್, ಟಿಕ್. ನಾನು ಟಿಕ್ ಹಾಕಿದ ಪಟ್ಟಿ ಇಲಾಖೆಗೂ ಹೋಯಿತು, ಕೇಂದ್ರದ ಕಂಪ್ಯೂಟರಿಗೂ ಹೋಯಿತು.

ಆ ಪಟ್ಟಿಯಲ್ಲಿ ಐದನೆಯ ಪುಟದಲ್ಲಿ ಮಂಜೇಗೌಡ ಅಂತ ಒಂದು ಹೆಸರಿತ್ತು. ಶೋಭಾಳ ಗಂಡ. ಟಿಕ್: 'ಬಿಟ್ಟಿದ್ದಾರೆ'.

ಉಪ್ಪಿಟ್ಟು ಸೀದ ದಿನವೇ ಅರಕಲಗೂಡಿನ ಬಸ್ ಹತ್ತಿದೆ. ಅಲ್ಲಿಂದ ಕೊಣನೂರು. ಕೊಣನೂರಿನಿಂದ ಆಟೋ. ದಾರಿಯುದ್ದಕ್ಕೂ ನನ್ನ ಅನುಮಾನ ಶೋಭಾಳ ಮೇಲೆಯೇ. ಆರು ತಿಂಗಳು ಸರಿಯಾಗಿದ್ದ ಗಂಡ ಮೊನ್ನೆ ಎಲ್ಲೋ ಮದುವೆಮನೆಯಲ್ಲಿ ಒಂದು ಗ್ಲಾಸ್ ಹಾಕಿರುತ್ತಾನೆ, ಅದಕ್ಕೆ ಇವಳು ರಂಪ ಮಾಡುತ್ತಿದ್ದಾಳೆ. ಇಲ್ಲದಿದ್ದರೆ ಅವಳೇ ಫೋನಿನಲ್ಲಿ ಒಂದು ಹೇಳಿ ಈಗ ಇನ್ನೊಂದು ಯಾಕೆ ಹೇಳುತ್ತಾಳೆ?

ಮನೆಯ ಜಗಲಿಯ ಮೇಲೆ ಶೋಭಾಳ ಅತ್ತೆ ಕೂತಿದ್ದರು. ಎಲೆ ಅಡಿಕೆ ಕುಟ್ಟುತ್ತಿದ್ದರು. ನಾನು ಚಪ್ಪಲಿ ಬಿಟ್ಟು, ನಗುತ್ತಾ ಕೇಳಿದೆ: "ಮಂಜೇಗೌಡರು ಹೇಗಿದ್ದಾರಮ್ಮ?"

"ಚೆನ್ನಾಗವ್ನೆ ಕಣವ್ವ, ಬಾ ಕುತ್ಕೋ," ಅಂದರು ಮುದುಕಿ, ಮುಖದ ತುಂಬ ನಗು.

ಅವರ ಬೆನ್ನ ಹಿಂದೆ, ನಾಲ್ಕು ಮಾರು ದೂರದಲ್ಲಿ, ಹೊಗೆಸೊಪ್ಪು ಬೇಯಿಸುವ ಬ್ಯಾರನ್ನಿನ ಗೋಡೆಗೆ ಒರಗಿ ಮಂಜೇಗೌಡ ಬಿದ್ದಿದ್ದ. ಹಗಲು ಹನ್ನೆರಡು ಗಂಟೆ. ಲುಂಗಿಯ ಕೆಳಗೆ ಕಾಲು ಎರಡೂ ಊದಿದ್ದವು. ಹತ್ತಿರ ಹೋಗಿ "ಮಂಜೇಗೌಡರೇ" ಅಂದೆ. ಕಣ್ಣು ತೆರೆದ. ಕೇಂದ್ರದ ಮಂಚದ ಮೇಲೆ ನೋಡಿದ್ದ ಆ ಹಳದಿ ಬಣ್ಣ ಇಲ್ಲಿಯೂ ಇತ್ತು.

ಶೋಭಾ ನನ್ನನ್ನು ಹಿತ್ತಿಲಿಗೆ ಕರೆದುಕೊಂಡು ಹೋದಳು. ಕೈಕಾಲಿಗೆ ನೀರು ಕೊಟ್ಟಳು. ಮೂವತ್ತೆಂಟು ಮೂವತ್ತೊಂಬತ್ತು ಇರಬಹುದು. ಸಿಟ್ಟು ಇಳಿದಿತ್ತು. ಇಳಿಯದೇ ಇದ್ದಿದ್ದರೆ ನನಗೆ ಎಷ್ಟೋ ಸಮಾಧಾನವಾಗುತ್ತಿತ್ತು.

"ನೀನೇ ತಾನೆ ಫೋನಲ್ಲಿ ಹೇಳಿದ್ದು, ಎಲ್ಲ ಸರಿಯಾಗಿದೆ ಅಂತ?" ಅಂದೆ.

"ನೀವು ಕೇಳಿದ್ದೇನು ಮೇಡಂ?"

"ಯಜಮಾನರು ಹೇಗಿದ್ದಾರೆ ಅಂತ."

"ಅದ್ಕೆ ಚೆನ್ನಾಗವ್ರೆ ಅಂದೆ. ಗುರ್ತಿಲ್ದೋರು ಫೋನ್ ಮಾಡಿ ನಿಮ್ಮೆಜಮಾನ್ರು ಎಂಗವ್ರೆ ಅಂದ್ರೆ ನೀವೇನಂತೀರಿ? ಕುಡ್ದು ಬಿದ್ದವ್ರೆ ಅಂತೀರಾ?"

ನಾನೇನಂತೀನಿ? ನಮ್ಮನೆಯವರಿಗೆ ಶುಗರ್ ಇದೆ. ಮಂಡಿ ನೋವಿದೆ. ಮೂಗಿನ ತುದಿಯಲ್ಲಿ ಸಿಟ್ಟಿದೆ. ಯಾರಾದರೂ ಫೋನಿನಲ್ಲಿ ಹೇಗಿದ್ದಾರೆ ಅಂದರೆ ನಾನೂ ಚೆನ್ನಾಗಿದ್ದಾರೆ ಅಂತಲೇ ಅನ್ನುವುದು. ನಮ್ಮ ಕಡೆ ಹಾಸಿಗೆ ಹಿಡಿದವರೂ ಮಲಗಿದಲ್ಲಿಂದಲೇ ಚೆನ್ನಾಗಿದ್ದೀನಿ ಅನ್ನುತ್ತಾರೆ. ಬಂದವರಿಗೆ ನೀರು ಕೊಡುವ ಹಾಗೆ ಅದೂ ಒಂದು ಮರ್ಯಾದೆ. ಈ ಮಣ್ಣಿನಲ್ಲಿ ಹುಟ್ಟಿ ಬೆಳೆದ ನನಗೆ ಅದು ಗೊತ್ತಿರಲಿಲ್ಲವೇ? ಗೊತ್ತಿತ್ತು. ಆದರೆ ಕೈಯಲ್ಲಿ ಫಾರಂ ಇತ್ತಲ್ಲ!

"ಆಮೇಲೆ ನಾನು 'ಕುಡಿತ ಇಲ್ಲ ತಾನೆ' ಅಂತಲೂ ಕೇಳಿದೆನಲ್ಲಮ್ಮ?" ಪಟ್ಟು ಬಿಡದೆ ಅಂದೆ.

"ಊಂ ಅಂದೆ. ಇಲ್ಲ ತಾನೆ ಅಂತ ನೀವೇ ಅಂದ್ಮೇಲೆ ನಾನಿನ್ನೇನ್ ಏಳ್ಲಿ? ಅದೂ ಅಲ್ದೆ ಆ ಫೋನ್ ಯಾರ್ದು ಮೇಡಂ? ಅವರ್ದು. ಅವ್ರೇ ಎತ್ತಿ, ನನ್ ಕೈಗ್ ಕೊಟ್ಟು, ಎದುರ್ಗೇ ಕುಂತಿದ್ರು. ಸ್ಪೀಕರ್ ಬ್ಯಾರೆ ಹಾಕಿದ್ರು."

ಓದುಗರೇ, 'ಉತ್ತರವನ್ನು ಬಾಯಿಗೆ ತುರುಕುವ ಪ್ರಶ್ನೆ ಕೇಳಬಾರದು' ಅನ್ನುವುದು ನಾನು ಮೂವತ್ತು ವರ್ಷ ಪ್ರತಿ ಜೂನ್ ತಿಂಗಳಲ್ಲಿ ಮಾಡುತ್ತಿದ್ದ ಪಾಠ. ಪರೀಕ್ಷೆಯಲ್ಲಿ ಐದು ಮಾರ್ಕಿನ ಪ್ರಶ್ನೆ. ಪುರಾಣ ಹೇಳೋಕೆ, ಬದನೆಕಾಯಿ ತಿನ್ನೋಕೆ ಅಂತಾರಲ್ಲ, ಆ ಬದನೆಕಾಯಿ ತಿಂದವಳು ನಾನೇ. ಮಂಚ ಅನುಮಾನಿಸಿದೆ, ಸಾರು ಅನುಮಾನಿಸಿದೆ, ಸಹಿಯ ಇಂಕು ಅನುಮಾನಿಸಿದೆ. ನನ್ನ ಪ್ರಶ್ನೆಯನ್ನು ಅನುಮಾನಿಸಲಿಲ್ಲ. ನಾಚಿಕೆಯಾಯಿತು. ಈಗಲೂ ಆಗುತ್ತಿದೆ.

ಬರೀ ನಾಚಿಕೆಯ ವಿಷಯವಾಗಿದ್ದರೆ ಈ ಅಂಕಣ ಇಲ್ಲಿಗೇ ಮುಗಿಸಬಹುದಿತ್ತು.

ಶೋಭಾ ಹೇಳಿದ್ದು ಇಷ್ಟು. ಕೇಂದ್ರದಿಂದ ಬಂದಮೇಲೆ ಎರಡು ತಿಂಗಳು ಮಂಜೇಗೌಡ ನೆಟ್ಟಗಿದ್ದ. ಬ್ಯಾರನ್ನಿಗೆ ತಾನೇ ಸೌದೆ ಹಾಕುತ್ತಿದ್ದ, ಸಂತೆಗೆ ಹೋದರೆ ಸಂತೆಯಿಂದ ಮನೆಗೇ ಬರುತ್ತಿದ್ದ. ಮೂರನೆಯ ತಿಂಗಳು ಮತ್ತೆ ಕುಡಿತ ಶುರುವಾಯಿತು. ಈಗ ಹೊಟ್ಟೆ ಊದಿದೆ, ಕಾಲು ಊದಿದೆ. ಅರಕಲಗೂಡಿನ ಡಾಕ್ಟರು ಕಣ್ಣು, ಹೊಟ್ಟೆ ನೋಡಿ, ಔಷಧಿ ಬರೆದುಕೊಟ್ಟು, ಇವಳನ್ನು ಪಕ್ಕಕ್ಕೆ ಕರೆದು ಹೇಳಿದರಂತೆ: "ಔಷಧಿ ನಾನು ಕೊಡ್ತೀನಿ. ಕುಡಿತ ನಿಲ್ಲದೇ ಇದ್ರೆ ಔಷಧಿಗೆ ಏನೂ ಕೆಲಸ ಇಲ್ಲ. ಮೊದಲು ಎಲ್ಲಾದರೂ ಸೇರಿಸು."

ಎಲ್ಲಾದರೂ ಅಂದರೆ ಎಲ್ಲಿ? ಅದೇ ಕೇಂದ್ರ. ಅಣ್ಣನನ್ನು ಜೊತೆಗೆ ಕರೆದುಕೊಂಡು, ಗಂಡನಿಗೆ ಏನೇನೋ ಸುಳ್ಳು ಹೇಳಿ, ಅಲ್ಲಿಗೆ ಕರೆದುಕೊಂಡು ಹೋದಳಂತೆ. ರಘು ಕಂಪ್ಯೂಟರ್ ತೆಗೆದು ನೋಡಿ, "ಇವರ ಕೇಸ್ ಕ್ಲೋಸ್ ಆಗಿದೆಯಲ್ಲಮ್ಮ. ಗುಣವಾಗಿದ್ದಾರೆ ಅಂತ ಇದೆ," ಅಂದರಂತೆ.

"ಎದುರ್ಗೇ ನಿಂತವ್ರೆ ನೋಡಿ ಸಾ, ಅಂದೆ. ನಿಲ್ಲೋಕಾಯ್ತಿರ್ನಿಲ್ಲ, ನಮ್ಮಣ್ಣ ಹಿಡ್ಕಂಡಿದ್ದ. ಆದ್ರೂ ಆಗಾಕಿಲ್ಲ ಅಂದ್ರು. ಗುಣ ಆದೋರ್ನ ತಿರ್ಗ ಸೇರಿಸ್ಕಳ್ಳೋಕೆ ಮೇಲ್ನಿಂದ ಪರ್ಮಿಷನ್ ಬೇಕಂತೆ. ಯಾರ್ ಬರ್ದಿದ್ದು ಗುಣ ಅಂತ, ಅಂದೆ. ನಿಮ್ ನಂಬರ್ ಕೊಟ್ರು."

ಅಷ್ಟು ಹೇಳಿ ಅವಳು ನೀರಿನ ಚೊಂಬು ಎತ್ತಿಟ್ಟಳು. ಜಗಲಿಯ ಕಡೆಯಿಂದ ಅತ್ತೆ ಎಲೆ ಅಡಿಕೆ ಕುಟ್ಟುವ ಸದ್ದು ಕೇಳುತ್ತಿತ್ತು. ಸೋಫಾದ ಮೇಲೆ ಕೂತು, ಮಜ್ಜಿಗೆ ಕುಡಿಯುತ್ತಾ ನಾನು ಹಾಕಿದ ಒಂದು ಟಿಕ್ ಒಬ್ಬ ಮನುಷ್ಯನನ್ನು ಕೇಂದ್ರದ ಬಾಗಿಲಿನಿಂದ ವಾಪಸ್ ಕಳಿಸಿತ್ತು.

ಮಾರನೆಯ ದಿನ ಮೂವರೂ ಕೇಂದ್ರಕ್ಕೆ ಹೋದೆವು. ಮಂಜೇಗೌಡನನ್ನು ಬೆಂಚಿನ ಮೇಲೆ ಕೂರಿಸಿ ನಾನು ರಘುವಿನ ಮೇಲೆ ಹರಿಹಾಯ್ದೆ. (ಕುಂಬಳಕಾಯಿ ಕಳ್ಳ ಹೆಗಲು ಮುಟ್ಟಿಕೊಳ್ಳುವ ಬದಲು ಇನ್ನೊಬ್ಬರ ಹೆಗಲು ಮುಟ್ಟಲು ಹೋದ ಹಾಗೆ.) "ಕಣ್ಣೆದುರಿಗೆ ಮನುಷ್ಯ ಸಾಯೋ ಹಾಗಿದ್ದರೂ ಕಂಪ್ಯೂಟರ್ ನೋಡ್ತೀರಲ್ರೀ!"

ರಘು ಜಗಳಕ್ಕೆ ಬರಲಿಲ್ಲ. "ಮೇಡಂ, ವಾಪಸ್ ಬಂದವರನ್ನು ಸೇರಿಸಿಕೊಂಡರೆ ಅದು ನಮ್ಮ ಸೋಲು ಅಂತ ಲೆಕ್ಕ. ಸೋಲು ಜಾಸ್ತಿ ಆದರೆ ಮುಂದಿನ ವರ್ಷ ಅನುದಾನ ಇಲ್ಲ. ಈ ಕುಡಿತ ಒಂದೇ ಸಲಕ್ಕೆ ಬಿಟ್ಟು ಹೋಗೋ ಕಾಯಿಲೆ ಅಲ್ಲ. ಮೂರು ಸಲ, ನಾಲ್ಕು ಸಲ ಬರ್ತಾರೆ. ಹಾಗೆ ಬಂದವರೇ ಕೊನೆಗೆ ಬಿಡೋದು. ಅದು ನಮಗೆ ಗೊತ್ತು. ಫಾರಂಗೆ ಗೊತ್ತಿಲ್ಲ."

ಆಮೇಲೆ ಶೋಭಾಳ ಕಡೆ ತಿರುಗಿ, ದನಿ ಇಳಿಸಿ ಕೇಳಿದರು: "ಆಧಾರ್ ಕಾರ್ಡ್ ತಂದಿದ್ದೀಯೇನಮ್ಮ?"

ಮೊನ್ನೆ ತಂದಿರಲಿಲ್ಲ, ಇವತ್ತು ತಂದಿದ್ದಳು. ಕಾರ್ಡಿನಲ್ಲಿ 'ಮಂಜುನಾಥ' ಅಂತ ಇತ್ತು. ಮೊದಲ ಸಲ ಸೇರುವಾಗ ಕೊಟ್ಟಿದ್ದು ರೇಷನ್ ಕಾರ್ಡು, ಅದರಲ್ಲಿ 'ಮಂಜೇಗೌಡ'. ನಮ್ಮಲ್ಲಿ ಯಾರ ಮನೆಯಲ್ಲಿ ಎರಡು ದಾಖಲೆಯಲ್ಲಿ ಒಂದೇ ಹೆಸರಿದೆ ಹೇಳಿ?

"ಮಂಜುನಾಥ ಅನ್ನೋರು ನಮ್ಮಲ್ಲಿಗೆ ಇನ್ನೂ ಬಂದೇ ಇಲ್ಲ. ಹೊಸ ಕೇಸು," ಅಂದರು ರಘು. ನನ್ನ ಮುಖ ನೋಡಲಿಲ್ಲ.

ನನಗೆ ಮೈಯೆಲ್ಲ ಉರಿಯಿತು. ಇದೇ ತಾನೆ ನಾನು ಹುಡುಕಿಕೊಂಡು ಬಂದಿದ್ದ ಮೋಸ? ಒಬ್ಬ ಮನುಷ್ಯ, ಎರಡು ಹೆಸರು. ಮಂಜೇಗೌಡ ಒಂದು ಗೆಲುವು. ಮಂಜುನಾಥ ಗುಣವಾದರೆ ಇನ್ನೊಂದು ಗೆಲುವು. ಹೀಗೆ ಇನ್ನೆಷ್ಟು ಜನ ಎರಡೆರಡು ಸಲ ಗುಣವಾಗಿದ್ದಾರೆ ಆ ಎಂಟು ಪುಟದಲ್ಲಿ? ಬಾಯಿ ತೆರೆದೆ.

ಶೋಭಾ ನನ್ನನ್ನೇ ನೋಡುತ್ತಿದ್ದಳು. ಬೇಡಿಕೊಳ್ಳಲಿಲ್ಲ. ಬೆಂಚಿನ ಮೇಲೆ ಮಂಜೇಗೌಡ ವಾಲುತ್ತಿದ್ದ. ಅವಳು ಒಂದು ಕೈಯಿಂದ ಅವನ ಭುಜ ಹಿಡಿದಿದ್ದಳು. ತೆರೆದ ಬಾಯಿ ಮುಚ್ಚಿಕೊಂಡೆ. ಮಂಜುನಾಥ ಸೇರಿದ. ಹನ್ನೊಂದನೆಯ ಮಂಚ.

ಅವತ್ತು ರಘು ಕೊಟ್ಟ ಟೀ ಕುಡಿದೆ.

ಮನೆಗೆ ಬಂದು ಪಟ್ಟಿ ಹರಡಿಕೊಂಡು ಕೂತೆ. ಎರಡು ವಾರ ಮತ್ತೆ ಫೋನ್. ಆದರೆ ಈ ಸಲ 'ಹೇಗಿದ್ದಾರೆ' ಅನ್ನಲಿಲ್ಲ. ಫೋನ್ ಯಾರ ಕೈಯಲ್ಲಿದೆ ಅಂತ ಮೊದಲು ವಿಚಾರಿಸಿದೆ. ಗಂಡ ಮನೆಯಲ್ಲಿಲ್ಲದ ಹೊತ್ತಿಗೆ, ಹೆಂಡತಿಯದೋ ತಂಗಿಯದೋ ನಂಬರು ಹುಡುಕಿ ಮಾಡಿದೆ. "ಈ ವಾರ ಎಷ್ಟು ದಿನ ಕೆಲಸಕ್ಕೆ ಹೋದರು? ನೆನ್ನೆ ಸಾಯಂಕಾಲ ಮನೆಗೆ ಎಷ್ಟೊತ್ತಿಗೆ ಬಂದರು? ಊಟ ಮಾಡಿದರಾ?" ಅಂತ ಕೇಳಿದೆ. ಕೆಲವು ಮನೆಗಳಿಗೆ ನಾನೇ ಹೋದೆ. ಹೊಳೆನರಸೀಪುರದ ಒಬ್ಬಾಕೆ, "ಅವ್ರು ಕುಡಿಯಲ್ಲ ಕಣಮ್ಮ ಈಗ," ಅಂತ ಹೇಳಿ ಗಳಗಳ ಅತ್ತುಬಿಟ್ಟಳು. ಸಂತೋಷಕ್ಕೆ. ಅಂಥವರೂ ಇದ್ದಾರೆ. ಆ ಹದಿನೈದು ಮಂಚ ಸುಮ್ಮನೆ ಬಿದ್ದಿಲ್ಲ. ಆದರೆ ನನ್ನ ಮೊದಲ ಪಟ್ಟಿಯ ಟಿಕ್‌ಗಳಲ್ಲಿ ಎಷ್ಟೋ ಅಳಿಸಿಹೋದವು. ಇನ್ನೆಷ್ಟೋ ಹೆಸರಿನ ಮುಂದೆ ಏನು ಬರೆಯಬೇಕೋ ತಿಳಿಯದೆ ಅಂಚಿನಲ್ಲಿ 'ಗೊತ್ತಿಲ್ಲ' ಅಂತ ಬರೆದೆ.

ಇಲಾಖೆಯ ಅಧಿಕಾರಿಗೆ ಕರಡು ತೋರಿಸಿದೆ. ಅವರು ಪುಟ ತಿರುಗಿಸಿದರು.

"ಗೊತ್ತಿಲ್ಲ ಅನ್ನೋ ಕಾಲಂ ಇಲ್ಲವಲ್ಲ ಮೇಡಂ."

"ಇಲ್ಲ. ಅದಕ್ಕೇ ಅಂಚಿನಲ್ಲಿ ಬರೆದಿದ್ದೇನೆ."

"ಮೊದಲು ಕಳಿಸಿದ ಪಟ್ಟಿ ಚೆನ್ನಾಗಿತ್ತಲ್ಲ. ಅದನ್ನೇ ಇಟ್ಟುಕೊಳ್ಳೋಣ. ನೋಡಿ, ಇದನ್ನು ಹೀಗೇ ಮೇಲೆ ಕಳಿಸಿದರೆ ಕೇಂದ್ರ ಮುಚ್ಚಿ ಅಂತಾರೆ. ಹೊಸ ಅಡ್ಮಿಷನ್ ನಿಲ್ಲಿಸಿ, ಇರೋರನ್ನೆಲ್ಲ ಮನೆಗೆ ಕಳಿಸಿ ಅಂತಾರೆ. ನಿಮಗೆ ಅದೇ ಬೇಕಾ?" ನಿಷ್ಠುರದವರೇ ಬೇಕು ಅಂದಿದ್ದ ಬಾಯಿ ಇದೇ.

ಹೆದರಿಸುತ್ತಿದ್ದಾರಾ, ನಿಜ ಹೇಳುತ್ತಿದ್ದಾರಾ? ಎರಡೂ ಇರಬಹುದು ಅನ್ನುವ ಅನುಮಾನ ಬಂತು. ಸರ್ಕಾರಕ್ಕೆ ಯಾವುದಾದರೂ ಕೆಲಸ ಅರ್ಧಂಬರ್ಧ ಆಗಿದೆ ಅಂತ ಗೊತ್ತಾದರೆ ಮಿಕ್ಕರ್ಧ ಸರಿಪಡಿಸುವುದಿಲ್ಲ. ಇರುವ ಅರ್ಧವನ್ನೂ ಎತ್ತಿಬಿಡುತ್ತದೆ. ಹಾಗಾಗಿಯೇ ಎಲ್ಲ ವರದಿಯೂ ಅಷ್ಟು ಚೆಂದ ಇರುವುದೇನೋ.

ಆ ಭಾನುವಾರ ಕೇಂದ್ರಕ್ಕೆ ಹೋದೆ. ಭೇಟಿಯ ದಿನ. ಶೋಭಾ ಮುದ್ದೆ, ಉಪ್ಸಾರು ಕಟ್ಟಿಕೊಂಡು ಬಂದಿದ್ದಳು. ಮಂಜೇಗೌಡನ ಕಾಲಿನ ಊತ ಸ್ವಲ್ಪ ಇಳಿದಿತ್ತು. ನನ್ನನ್ನು ನೋಡಿ, "ಮೇಡಂ, ಈ ಸತಿ ಬುಟ್ಬುಟ್ಟೆ. ಬರ್ಕಳಿ," ಅಂದ.

"ಬರ್ಕೊಳ್ಳಲ್ಲ," ಅಂದೆ. ಅವನು ನಕ್ಕ. ಹಲ್ಲು ಮಾತ್ರ ಬೆಳ್ಳಗಿದ್ದವು.

ಹೊರಗೆ ಬಂದು ಶೋಭಾಗೆ ಎಲ್ಲ ಹೇಳಿದೆ. ನಿಜ ಬರೆದರೆ ಮಂಚ ಹೋಗಬಹುದು. ಸುಳ್ಳು ಬರೆದರೆ ನಿನ್ನ ಹಾಗೆ ಬಂದ ಇನ್ನೊಬ್ಬಳನ್ನು 'ಗುಣವಾಗಿದೆ' ಅಂತ ವಾಪಸ್ ಕಳಿಸುತ್ತಾರೆ. ಏನು ಮಾಡಲಿ? ಸಂಖ್ಯಾಶಾಸ್ತ್ರದಲ್ಲಿ ಇದಕ್ಕೆ ಸೂತ್ರ ಇಲ್ಲ. ನಮ್ಮನೆಯವರನ್ನು ಕೇಳಿದರೆ "ನಿನಗ್ಯಾಕೆ ಬೇಕಿತ್ತು" ಅಂದುಬಿಟ್ಟಿದ್ದರು.

ಅವಳು ಟಿಫಿನ್ ಡಬ್ಬಿಯ ಮುಚ್ಚಳ ಒತ್ತಿ ಮುಚ್ಚಿದಳು.

"ಇವರ್ದು ಒಂದ್ ತಿಂಗ್ಳು ಮುಗಿಯೋ ಗಂಟ ತಡೀರಿ ಮೇಡಂ. ಆಮ್ಯಾಕೆ ನಿಜ ಬರೀರಿ."

"ಗಡುವು ಶುಕ್ರವಾರಕ್ಕೇ ಮುಗಿಯುತ್ತೆ ಕಣಮ್ಮ."

"ಗೌರ್ಮೆಂಟ್ ಕೆಲ್ಸ ತಾನೆ? ಲೇಟಾದ್ರೆ ಯಾರ್ ಕೇಳ್ತಾರೆ? ನನ್ ಗಂಡನ್ ಕೇಸಿಗ್ ಪರ್ಮಿಷನ್ ಬೇಕು ಅಂದ್ರಲ್ಲ, ಅದಿನ್ನೂ ಬಂದಿಲ್ಲ ನೋಡಿ."

ಜೀವಮಾನದಲ್ಲಿ ಒಂದು ದಿನವೂ ಉತ್ತರಪತ್ರಿಕೆ ತಡವಾಗಿ ಕೊಟ್ಟವಳಲ್ಲ ನಾನು. ಶುಕ್ರವಾರ ಬಂತು, ಹೋಯಿತು. ಅಧಿಕಾರಿಯ ಫೋನ್ ಬಂತು. ಜ್ವರ ಅಂದೆ. ಇನ್ನೊಂದು ಶುಕ್ರವಾರ ಬಂತು. ಕಂಪ್ಯೂಟರ್ ಕೆಟ್ಟಿದೆ ಅಂದೆ. ಅವರು ಒಂದು ಚೂರೂ ಅನುಮಾನ ಪಡಲಿಲ್ಲ! ಸುಳ್ಳು ಇಷ್ಟು ಸಲೀಸು ಅಂತ ಗೊತ್ತಿದ್ದರೆ ಮೂವತ್ತು ವರ್ಷ ನನ್ನ ವಿದ್ಯಾರ್ಥಿಗಳನ್ನು ಅಷ್ಟೊಂದು ಬೈಯುತ್ತಿರಲಿಲ್ಲ.

ಹೋದ ಶನಿವಾರ ಮಂಜೇಗೌಡ (ಕ್ಷಮಿಸಿ, ಮಂಜುನಾಥ) ಮನೆಗೆ ಹೋದ. ತನ್ನ ಕಾಲ ಮೇಲೆ ತಾನೇ ನಡೆದು ಬಸ್ ಹತ್ತಿದ. ಸೋಮವಾರ ನಾನು ವರದಿ ಕಳಿಸಿದೆ, 'ಗೊತ್ತಿಲ್ಲ'ಗಳ ಸಮೇತ. ವಾಪಸ್ ಬಂದವರನ್ನು ಸೋಲು ಅಂತ ಎಣಿಸಬೇಡಿ, ಅವರ ಸ್ವಂತ ಹೆಸರಿನಲ್ಲೇ ಸೇರಿಸಿಕೊಳ್ಳಿ ಅಂತ ಒಂದು ಪುಟ ಬರೆದೆ. ಮೊದಲ ಪಟ್ಟಿಯ ತಪ್ಪು ನನ್ನದು ಅಂತಲೂ ಬರೆದೆ. ಹನ್ನೊಂದನೆಯ ಮಂಚದ ವಿಷಯ ಮಾತ್ರ ವರದಿಯಲ್ಲಿ ಬರೆಯಲಿಲ್ಲ. ಅದು ನನ್ನ ಸುಳ್ಳು, ನಾನೇ ಇಟ್ಟುಕೊಳ್ಳುತ್ತೇನೆ.

ಈ ಸಲ ಅವನು ಬಿಡುತ್ತಾನಾ? ಗೊತ್ತಿಲ್ಲ.

ನನ್ನ ನಿಜವನ್ನು ಓದಿ ಸರ್ಕಾರ ಆ ಹದಿನೈದು ಮಂಚವನ್ನೇ ಎತ್ತಿಬಿಟ್ಟರೆ, ಗಂಡನ ಭುಜ ಹಿಡಿದು ನಿಂತ ಇನ್ನೊಬ್ಬಳಿಗೆ ನಾನು ಯಾವ ಬಾಗಿಲು ತೋರಿಸಲಿ?